ಬಾರ್ನ್‌ಸ್ಟಾರ್ಮರ್ಸ್‌ನ ಮೊದಲ ಬೇಸಿಗೆ

ಎಲ್ಲರಿಗೂ ನಮಸ್ಕಾರ.

ಯುಗಾದಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕೂಟದ ಹೈಸ್ಕೂಲ್ ಹುಡುಗನೊಬ್ಬ ಕೇಳಿದ, "ಅಂಕಲ್, ನಮ್ಮ ಅಯೋವಾದಲ್ಲಿ ಪ್ರೊ ಫುಟ್‌ಬಾಲ್ ಯಾವತ್ತೂ ಇರ್ಲೇ ಇಲ್ವಾ?" ಇತ್ತು ಕಣೋ, ಅದರ ಮೊದಲ ಸೀಸನ್‌ನ ಆಟ ನಾನೇ ಕೂತು ನೋಡಿದ್ದೇನೆ ಅಂದೆ. ಅವನು ನಂಬಲಿಲ್ಲ. ಪಕ್ಕದಲ್ಲಿದ್ದ ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಸಲ ಕಾರ್ಯಕ್ರಮಗಳ ಪಟ್ಟಿ ಕೊನೆಯ ಪುಟಕ್ಕೆ ಹೋಗಿದೆ, ಈ ಪುಟ ಪೂರ್ತಿ ಆ ಟೀಮಿಗೆ, ಅಯೋವಾ ಬಾರ್ನ್‌ಸ್ಟಾರ್ಮರ್ಸ್‌ಗೆ.

1995ರ ಬೇಸಿಗೆ. ನಾನಾಗ ಏಮ್ಸ್‌ನಲ್ಲಿ ವಿದ್ಯಾರ್ಥಿ. ಕಾರಿಲ್ಲ, ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೆ. ನಾವಿದ್ದ ಮನೆಯ ಓನರ್ ಒಂದು ಸಂಜೆ ಬಂದು, ಒಂದು ಟಿಕೆಟ್ ಜಾಸ್ತಿ ಇದೆ, ಬರ್ತೀಯಾ ಅಂತ ಕರೆದರು. ಎಲ್ಲಿಗೆ, ಏನು ಅಂತ ಕೇಳದೆ ಹೊರಟೆ. ಜೋಳದ ಹೊಲಗಳ ನಡುವೆ ಮುಕ್ಕಾಲು ಗಂಟೆ ದಾರಿ. ಡೆಮೊಯ್ನ್‌ನ ವೆಟರನ್ಸ್ ಆಡಿಟೋರಿಯಂ ತಲುಪಿದಾಗ ಬಾಗಿಲಲ್ಲಿ ಜಾತ್ರೆಯಷ್ಟು ಜನ. ಆ ಕಟ್ಟಡಕ್ಕೆ ಊರವರು ಇಟ್ಟ ಹೆಸರು "ದಿ ಬಾರ್ನ್", ಅಂದರೆ ಹುಲ್ಲು ದನ ಎಲ್ಲಾ ಇರುವ ಕೊಟ್ಟಿಗೆ. ಟೀಮಿನ ಹೆಸರು ಅಯೋವಾ ಬಾರ್ನ್‌ಸ್ಟಾರ್ಮರ್ಸ್. ಹಿಂದೆ ಹಳೇ ವಿಮಾನ ಹಾರಿಸಿಕೊಂಡು ಊರೂರು ಸುತ್ತಿ, ಹೊಲದಲ್ಲೇ ಇಳಿದು ಕಸರತ್ತು ತೋರಿಸಿ ದುಡಿಯುತ್ತಿದ್ದ ಪೈಲಟ್‌ಗಳನ್ನು ಹಾಗೆ ಕರೆಯುತ್ತಿದ್ದರು. ನಮ್ಮಲ್ಲಿ ನಾಟಕ ಕಂಪನಿಗಳು ಊರಿಂದೂರಿಗೆ ಹೋಗಿ ಟೆಂಟ್ ಹಾಕುತ್ತಿದ್ದವಲ್ಲ, ಹಾಗೆ. ಹೆಸರು ಕೇಳಿದ ಕೂಡಲೇ ಇವರು ನಮ್ಮವರೇ ಅನ್ನಿಸಿಬಿಟ್ಟಿತು.

ಆಟದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಟಿವಿಯಲ್ಲಿ ಭಾನುವಾರ ನೋಡುವ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ಗೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಅರೀನಾ ಫುಟ್‌ಬಾಲ್ ಅನ್ನೋ ಈ ಒಳಾಂಗಣ ಆಟವನ್ನು ಕಂಡುಹಿಡಿದವರು ಜಿಮ್ ಫಾಸ್ಟರ್. 1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ (ನಮ್ಮೂರಲ್ಲಿ ಫುಟ್‌ಬಾಲ್ ಅನ್ನೋ ಕಾಲ್ಚೆಂಡಾಟ) ನೋಡುತ್ತಾ ಕೂತಿದ್ದಾಗ, ಸಾಕರ್ ಒಳಗೆ ಬರಬಹುದಾದರೆ ನಮ್ಮ ಫುಟ್‌ಬಾಲ್ ಯಾಕೆ ಬರಬಾರದು ಅನ್ನಿಸಿ ಒಂದು ಲಕೋಟೆಯ ಮೇಲೆ ಅಂಕಣದ ಚಿತ್ರ ಗೀಚಿದರು. 1987ರಲ್ಲಿ ನಾಲ್ಕೇ ಟೀಮುಗಳ ಅರೀನಾ ಫುಟ್‌ಬಾಲ್ ಲೀಗ್ ಶುರುವಾಯಿತು. ಅಂಕಣದ ಉದ್ದ 50 ಗಜ, ಮಾಮೂಲಿ ಮೈದಾನದ ಅರ್ಧ. ಅಗಲ 85 ಅಡಿ, ಐಸ್ ಹಾಕಿ ಅಂಕಣದಷ್ಟೇ. 11ರ ಬದಲು ಒಂದು ಕಡೆ 8 ಜನ. ಅಂಚಿಗೆ ಗೆರೆ ಇಲ್ಲ, ಮೆತ್ತೆ ಕಟ್ಟಿದ ಗೋಡೆ. ಗೋಲ್‌ಪೋಸ್ಟಿನ ಎರಡೂ ಪಕ್ಕ ದೊಡ್ಡ ಬಲೆ, ಚೆಂಡು ಅದಕ್ಕೆ ಬಡಿದು ವಾಪಸ್ ಬಂದರೆ ಆಟ ಮುಂದುವರಿಯುತ್ತದೆ, ಹಿಡಿದವನು ಓಡಬಹುದು. ಆಗಿನ ನಿಯಮದ ಪ್ರಕಾರ ಹೆಚ್ಚಿನ ಆಟಗಾರರು ದಾಳಿಯನ್ನೂ ಮಾಡಬೇಕು, ಕೂಡಲೇ ತಿರುಗಿ ರಕ್ಷಣೆಗೂ ನಿಲ್ಲಬೇಕು. ಉಸಿರಾಡೋಕೆ ಪುರುಸೊತ್ತಿಲ್ಲ!

2014ರಲ್ಲಿ ಪ್ರೊ ಕಬಡ್ಡಿ ಶುರುವಾಗಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬೆಂಗಳೂರು ಬುಲ್ಸ್ ಆಡುವುದನ್ನು ನೋಡಿದಾಗ ನನಗೆ ಈ ಆಟವೇ ನೆನಪಾಗಿದ್ದು. ಮಣ್ಣಿನ ಆಟವನ್ನು ಒಳಗೆ ತಂದು, ಮ್ಯಾಟ್ ಹಾಸಿ, ದೀಪದ ಕೆಳಗೆ ನಿಲ್ಲಿಸಿದರೆ ಅದರ ಬಿರುಸೇ ಬೇರೆ. ಆಟಗಾರನ ಮುಖ ಕಾಣುತ್ತದೆ. ಬಿದ್ದ ಸದ್ದು ಕೇಳುತ್ತದೆ.

ಡೆಮೊಯ್ನ್‌ನಲ್ಲಿ ಟೀಮು ಕಟ್ಟಿದವರೂ ಇದೇ ಫಾಸ್ಟರ್. ಒಂದು ಲೀಗನ್ನೇ ಹುಟ್ಟಿಸಿದ ಮನುಷ್ಯ ಅದರ ಕಮಿಷನರ್ ಕೆಲಸ ಬಿಟ್ಟ ಮೇಲೆ ದೊಡ್ಡ ನಗರ ಹುಡುಕಿಕೊಂಡು ಹೋಗಲಿಲ್ಲ, ಇಲ್ಲಿಗೆ ಬಂದರು. ಅದು ನನಗೆ ತುಂಬಾ ದೊಡ್ಡ ವಿಷಯ. ಕೋಚ್ ಜಾನ್ ಗ್ರೆಗರಿ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು, ಕರ್ಟ್ ವಾರ್ನರ್ ಅನ್ನೋ ಅಯೋವಾ ಹುಡುಗ. ಹಿಂದಿನ ವರ್ಷ ಆ ಭಾನುವಾರದ ದೊಡ್ಡ ಲೀಗಿನ ಗ್ರೀನ್ ಬೇ ಪ್ಯಾಕರ್ಸ್ ಟೀಮು ಅವನನ್ನು ಕ್ಯಾಂಪಿನಿಂದಲೇ ವಾಪಸ್ ಕಳಿಸಿತ್ತು. ಆಮೇಲೆ ಸೀಡರ್ ಫಾಲ್ಸ್‌ನ ಹೈ-ವೀ ಅಂಗಡಿಯಲ್ಲಿ ಗಂಟೆಗೆ 5.50 ಡಾಲರ್‌ಗೆ ರಾತ್ರಿಪಾಳಿ, ಕಪಾಟಿಗೆ ಸಾಮಾನು ಜೋಡಿಸುವ ಕೆಲಸ. ನಾವು ಹಾಲು ಮೊಸರು ತರುವ ಅದೇ ಹೈ-ವೀ!

ಆ ರಾತ್ರಿ ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಜನರ ಖುಷಿ ಮಾತ್ರ. ಹೊಲದ ಕೆಲಸ ಮುಗಿಸಿ ಹಾಗೇ ಬಂದ ರೈತರು, ಮೊಮ್ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡ ಅಜ್ಜಿಯರು, ಕಾಲೇಜು ಹುಡುಗರು, ಎಲ್ಲರೂ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಹುಟ್ಟಿ ಕೆಲವೇ ವಾರ ಆಗಿದ್ದ ಟೀಮಿಗೆ ಹಳೇ ಅಭಿಮಾನಿಗಳು ಎಲ್ಲಿಂದ ಬರಬೇಕು? ಅವತ್ತು ಬಂದವರೇ ಅಭಿಮಾನಿಗಳಾದರು. ಪಕ್ಕದಲ್ಲಿದ್ದ ಹೆಂಗಸು ಯಾವ ಊರು ನಿಂದು ಅಂತ ಕೇಳಿ, ಉತ್ತರ ಮುಗಿಯೋದಕ್ಕೆ ಮುಂಚೆ ಚೆಂಡು ಬಲೆಗೆ ಬಡಿದು ತಿರುಗಿ ಬಂತು, ಇಬ್ಬರೂ ಒಟ್ಟಿಗೆ ಎದ್ದು ನಿಂತೆವು. ಈ ದೇಶಕ್ಕೆ ಬಂದು ವರ್ಷವಾಗಿತ್ತು. ನೂರಾರು ಜನರ ಜೊತೆ ಒಂದೇ ಕಾರಣಕ್ಕೆ ಕೂಗಿದ್ದು ಅದೇ ಮೊದಲು.

ಆ ಸೀಸನ್‌ನಲ್ಲಿ 12 ಆಟ, 7 ಗೆಲುವು, 5 ಸೋಲು. ಹೊಸ ಟೀಮಿಗೆ ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಸುತ್ತು, ಸಿಕ್ಕಿತು. 1996ರಲ್ಲೂ 1997ರಲ್ಲೂ ಫೈನಲ್‌ವರೆಗೆ ಹೋಗಿ ಸೋತರು. ಮೊದಲನೆಯದು ಟ್ಯಾಂಪಾ ಬೇ ಸ್ಟಾರ್ಮ್ ವಿರುದ್ಧ, 42-38. ಎಷ್ಟು ಹತ್ತಿರ ನೋಡಿ. ವಾರ್ನರ್ ಮುಂದೆ ದೊಡ್ಡ ಲೀಗಿನ ಸೇಂಟ್ ಲೂಯಿಸ್ ರಾಮ್ಸ್ ಸೇರಿ 2000ದ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಆ ಲೀಗಿನ ಫೈನಲ್, ಗೆದ್ದರು, ಎಸೆತಗಳಿಂದ ಒಟ್ಟು 414 ಗಜ ಗಳಿಸಿ ಆ ಪಂದ್ಯದ ಶ್ರೇಷ್ಠ ಆಟಗಾರರಾದರು. 2017ರಲ್ಲಿ ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೂ ಸೇರಿದರು. ಅದನ್ನೆಲ್ಲಾ ಎಲ್ಲರೂ ಬರೆಯುತ್ತಾರೆ. ನನಗೆ ಮಾತ್ರ ಬಾರ್ನ್ ತುಂಬಿಸಿದ ಜನ ಇನ್ನೂ ದೊಡ್ಡವರಾಗಿ ಕಾಣುತ್ತಾರೆ. ಏನೂ ಗೆಲ್ಲದ, ಹೆಸರೇ ಇಲ್ಲದ ಟೀಮಿಗೆ ಅವರು ಟಿಕೆಟ್ ಕೊಂಡು ಬಂದಿದ್ದರು.

ಆ ಮೊದಲ ಟೀಮು ಇಲ್ಲಿ ಆರು ಸೀಸನ್ ಆಡಿತು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೆಸರೂ ಬದಲಾಯಿತು. ಆಗ ನನಗೆ ನಿಜವಾಗಿಯೂ ಬೇಜಾರಾಗಿತ್ತು. ಅಷ್ಟರಲ್ಲಿ ಫಾಸ್ಟರ್ ಅಯೋವಾ-ಇಲಿನಾಯ್ ಗಡಿಯ ಊರುಗಳ ಗುಂಪಾದ ಕ್ವಾಡ್ ಸಿಟೀಸ್‌ನಲ್ಲಿ ಸ್ಟೀಮ್‌ವೀಲರ್ಸ್ ಅನ್ನೋ ಇನ್ನೊಂದು ಟೀಮು ಕಟ್ಟಿದ್ದರು, ಚಿಕ್ಕ ಊರುಗಳಿಗೆಂದೇ ಶುರುವಾದ ಅರೀನಾಫುಟ್‌ಬಾಲ್2 ಲೀಗಿನಲ್ಲಿ. 2000ದ ಮೊದಲ ಸೀಸನ್‌ನಲ್ಲಿ ಅವರು 19 ಆಟ ಆಡಿ 19ನ್ನೂ ಗೆದ್ದರು! ಅದೇ ಹೆಸರಿನ ಹೊಸ ಟೀಮು 2018ರಲ್ಲಿ ಅಲ್ಲಿನದೇ ಊರಾದ ಮೊಲೀನ್‌ನಲ್ಲಿ ಶುರುವಾಯಿತು.

ಹಾಗಾಗಿ ಒಂದು ಕೇಳಿಕೆ. ಈ ಬೇಸಿಗೆಯಲ್ಲಿ ಕೂಟದಿಂದ ಒಂದು ಶನಿವಾರ ಮೊಲೀನ್‌ಗೆ ಹೋಗಿ ಆಟ ನೋಡೋಣ ಅಂತಿದ್ದೇವೆ. ಐ-80 ಹೆದ್ದಾರಿಯಲ್ಲಿ ಸುಮಾರು ಮೂರು ಗಂಟೆ ದಾರಿ. ಚಿತ್ರಾನ್ನ, ಮೊಸರನ್ನ ನಮ್ಮ ಮನೆಯಿಂದ. ಕಾರಿನಲ್ಲಿ ಜಾಗ ಇರುವವರು, ಜಾಗ ಬೇಕಾದವರು ಇಬ್ಬರೂ ಬೇಗ ತಿಳಿಸಿ. ಮಕ್ಕಳಿಗೆ ಗೋಡೆ ಪಕ್ಕದ ಸೀಟೇ ತೆಗೆದುಕೊಳ್ಳೋಣ, ಚೆಂಡು ಅಲ್ಲಿಗೇ ಹಾರಿ ಬರೋದು.