ಮೊಂ ಲೊಝೇರ್ ಬೆಟ್ಟದಲ್ಲಿ ನಮ್ಮನ್ನು ಸಾಮಾನಿನ ವ್ಯಾನಿಗೆ ಹತ್ತಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ವಿಷಯ: ಫ್ರಾನ್ಸಿನ ಸೆವೆನ್ (Cévennes) ಬೆಟ್ಟಸೀಮೆಯ ಮೌಂಟನ್ ಬೈಕ್ ಪ್ರವಾಸದಲ್ಲಿ ಸೇವಾಲೋಪ ಮತ್ತು ಅವಮಾನ; ಹಣ ವಾಪಸಾತಿ ಕೋರಿ

ಮಾನ್ಯರೇ,

ಫೋನ್ ಮಾಡಿದ್ದಾಯಿತು, ಮೇಲ್ ಹಾಕಿದ್ದಾಯಿತು, ನಿಮ್ಮ ಕಚೇರಿಗೇ ಬಂದು ಕಾದು ಕೂತಿದ್ದೂ ಆಯಿತು. ಇಷ್ಟೆಲ್ಲ ಆದಮೇಲೆ ಕಳೆದ ವಾರ ನಿಮ್ಮಿಂದ ಬಂದದ್ದು ಮುಂದಿನ ಪ್ರವಾಸಕ್ಕೆ ಐದು ಸಾವಿರ ರೂಪಾಯಿ ರಿಯಾಯಿತಿಯ ಕೂಪನ್. ತಪ್ಪಾಗಿದೆ ಎಂಬ ಒಂದು ಸಾಲೂ ಅದರ ಜೊತೆಗಿರಲಿಲ್ಲ. ಇಷ್ಟು ದಿನ ಬಾಯಿಮಾತಿನಲ್ಲಿ ಹೇಳಿದ್ದನ್ನು ಈಗ ಬರಹದಲ್ಲಿ ಕೊಡುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಪ್ರೌಢಶಾಲೆಯ ಇತಿಹಾಸ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿದು ಅಭ್ಯಾಸ ಇರುವವಳು. ನಿಮ್ಮ ಪ್ರವಾಸಕ್ಕೆ ಸೇರಿದ್ದಕ್ಕೆ ಕಾರಣ ಒಂದೇ: ಲ ಬ್ಲೇಮಾರ್‌ನಿಂದ ಮೊಂ ಲೊಝೇರ್ ಹತ್ತಿ ಪೊಂ ದ ಮೊಂವೇರ್‌ಗೆ ಇಳಿದು, ಫ್ಲೊರಾಕ್ ಮೇಲಿಂದ ಸೈಂ ಜಾಂ ದ್ಯು ಗಾರ್‌ವರೆಗೆ ಮಣ್ಣುಹಾದಿಯಲ್ಲೇ ಸೈಕಲ್ ಮೇಲೆ ಹೋಗುವುದು ಎಂದು ನೀವು ಮುದ್ರಿಸಿದ್ದಿರಿ. ಆ ಸೀಮೆ ನನಗೆ ಪಾಠಪುಸ್ತಕದ ಹೆಸರಾಗಿರಲಿಲ್ಲ. 1685ರಲ್ಲಿ ಹದಿನಾಲ್ಕನೇ ಲೂಯಿ, ಪ್ರೊಟೆಸ್ಟೆಂಟರಿಗೆ ತಮ್ಮ ಧರ್ಮ ಪಾಲಿಸಲು ಅವಕಾಶ ಕೊಟ್ಟಿದ್ದ ನಾಂಟ್ ಶಾಸನವನ್ನು ರದ್ದು ಮಾಡಿದ. ಪ್ರೊಟೆಸ್ಟೆಂಟರು ಬೆಟ್ಟದ ಸಂದುಗಳಲ್ಲಿ, ರಾತ್ರಿ ಹೊತ್ತು ಕದ್ದು ಪ್ರಾರ್ಥನೆ ಸಲ್ಲಿಸುವ ಕಾಲ ಬಂತು. 1702ರ ಜುಲೈನಲ್ಲಿ ಪೊಂ ದ ಮೊಂವೇರ್‌ನಲ್ಲಿ ಸೆರೆಸಿಕ್ಕ ಪ್ರೊಟೆಸ್ಟೆಂಟರನ್ನು ಬಿಡಿಸಲು ಹೋದ ರೈತರು, ನೇಕಾರರು ಕ್ಯಾಥೊಲಿಕ್ ಪಾದ್ರಿ ದ್ಯು ಶಾಯ್ಲಾನನ್ನು ಕೊಂದರು. ಕಾಮಿಸಾರರು ಎಂದು ಕರೆಸಿಕೊಂಡ ಈ ಪ್ರೊಟೆಸ್ಟೆಂಟರ ದಂಗೆ ಹೊತ್ತಿಕೊಂಡದ್ದು ಅಲ್ಲಿ. ರಾಜನ ಸೈನ್ಯಕ್ಕೆ ಅವರು ಸುಲಭಕ್ಕೆ ಸಿಗದೇ ಹೋದದ್ದು ಕುರುಬರು ಕುರಿ ಹೊಡೆದುಕೊಂಡು ಹೋಗುವ ಕಾಲುದಾರಿಗಳು ಅವರಿಗೆ ಅಂಗೈಯಷ್ಟು ಪರಿಚಿತವಾಗಿದ್ದರಿಂದ. ಫಿರಂಗಿ ಸಾಗಿಸಲು ಅಧಿಕಾರಿ ಬಾವಿಲ್ ಅಗಲವಾದ ರಾಜರಸ್ತೆಗಳನ್ನೇ ಕಡಿಸಬೇಕಾಯಿತು. ಎಂದರೆ ಈ ಸೀಮೆಯ ಚರಿತ್ರೆ ಇರುವುದೇ ಆ ಕಾಲುದಾರಿಗಳಲ್ಲಿ. ಡಾಂಬರು ರಸ್ತೆಯಲ್ಲಿ ವ್ಯಾನ್ ಒಳಗೆ ಕೂತು ಅದನ್ನು ನೋಡಲಾಗುವುದಿಲ್ಲ. ಇದು ನಿಮಗೂ ಗೊತ್ತು. ನಿಮ್ಮ ಕೈಪಿಡಿಯಲ್ಲಿ 'ಕುರುಬರ ಹಾದಿಯಲ್ಲಿ' ಎಂದು ದಪ್ಪಕ್ಷರದಲ್ಲಿ ಹಾಕಿದವರು ನೀವೇ.

ಈಗ ಲ ಬ್ಲೇಮಾರ್‌ನ ಆ ಬೆಳಗಿನ ವಿಷಯ.

ಬುಕಿಂಗ್ ಫಾರಂನಲ್ಲಿ ನನ್ನ ಎತ್ತರ ಐದು ಅಡಿ ಒಂದು ಇಂಚು ಎಂದು ಬರೆದು, 'ಎಸ್' ಸೈಜಿನ ಫ್ರೇಮ್ ಬೇಕು ಎಂದು ಗುರುತು ಹಾಕಿದ್ದೆ. ಸಸ್ಪೆನ್ಷನ್ ಫೋರ್ಕ್ ಇರುವ, ಅಗಲ ಟೈರಿನ ಮೌಂಟನ್ ಬೈಕ್ ಎಂದು ನೀವು ಒಪ್ಪಿ ದೃಢೀಕರಣ ಕಳಿಸಿದ್ದಿರಿ. ನನ್ನ ಮುಂದೆ ನಿಲ್ಲಿಸಿದ್ದು 'ಎಲ್' ಸೈಜಿನ, ಊರೊಳಗೆ ಓಡಿಸುವ ಹೈಬ್ರಿಡ್ ಸೈಕಲ್. ಸೀಟ್ ಪೋಸ್ಟನ್ನು ಪೂರ್ತಿ ಒಳಗೆ ತಳ್ಳಿದರೂ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಕುತ್ತಿತ್ತು. ಟೈರಿನಲ್ಲಿ ಗೀರು ಎಂಬುದೇ ಇಲ್ಲ, ನುಣ್ಣಗೆ ಸವೆದಿತ್ತು. ಹಿಂದಿನ ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಹಿಡಿದೆ. ಕರಕರ ಎಂದು ಕಬ್ಬಿಣ ಕಬ್ಬಿಣಕ್ಕೆ ಉಜ್ಜಿತು. ಬಗ್ಗಿ ನೋಡಿದರೆ ಪ್ಯಾಡ್ ಪೂರ್ತಿ ತೀರಿಹೋಗಿ ಅದರ ಹಿಂಬದಿಯ ತಗಡು ಡಿಸ್ಕನ್ನು ತಿನ್ನುತ್ತಿತ್ತು. ಎದುರಿಗಿದ್ದ ಬೆಟ್ಟದ ತುದಿ 1,699 ಮೀಟರ್. ಅಲ್ಲಿಂದ ಪೊಂ ದ ಮೊಂವೇರ್‌ಗೆ 800 ಮೀಟರಿಗಿಂತ ಹೆಚ್ಚು ಇಳಿಜಾರು, ಅದೂ ಕಗ್ಗಲ್ಲಿನ ಗುಂಡುಗಳ ನಡುವೆ. ಆ ಬ್ರೇಕಿನಲ್ಲಿ ಯಾರನ್ನು ಕಳಿಸಲು ಹೊರಟಿದ್ದಿರಿ?

ಸೈಕಲ್ ತಂದವನಿಗೆ ತೋರಿಸಿದೆ. ಬೆಂಗಳೂರಿನಿಂದ ಹೇಳಿದ್ದು ಇವನ್ನೇ ಎಂದ. ನಿಮ್ಮ ಸಂಯೋಜಕರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಒಂಬತ್ತು, ನಿಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ. ನಡೆದ ಮಾತು ಹೀಗಿದೆ:

"ಹೇಳಿ ಆಂಟಿ."

"ನೋಡಿ, ಬುಕ್ ಮಾಡಿದ ಸೈಕಲ್ ಬಂದಿಲ್ಲ. ಬಂದಿರೋದರಲ್ಲಿ ಬ್ರೇಕ್ ಇಲ್ಲ."

"ಬ್ರೇಕ್ ಇರುತ್ತೆ ಆಂಟಿ. ನಿಮಗೆ ಹಿಡಿಯೋದಕ್ಕೆ ಕಷ್ಟ ಆಗ್ತಿರಬೇಕು. ಫಾರಿನ್ ಸೈಕಲ್ ಅಲ್ವಾ, ಸ್ವಲ್ಪ ಬೇರೆ ಥರ ಇರುತ್ತೆ."

"ಪ್ಯಾಡ್ ಸವೆದಿದೆ ಅಂತ ಹೇಳ್ತಿದೀನಿ. ಫೋಟೊ ಕಳಿಸಿದೀನಿ, ನೋಡಿ."

"ನೋಡ್ತೀನಿ. ಆಂಟಿ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ವಯಸ್ಸಿಗೆ ಆ ರೂಟು ಯಾಕೆ? ಲಗೇಜ್ ವ್ಯಾನ್ ಇದೆ, ಆರಾಮಾಗಿ ಕೂತ್ಕೊಳ್ಳಿ. ಸಂಜೆ ಎಲ್ಲರೂ ಒಂದೇ ಹೋಟೆಲಿಗೇ ಬರೋದು."

"ನಾನು ದುಡ್ಡು ಕೊಟ್ಟಿರೋದು ಸೈಕಲ್ ತುಳಿಯೋದಕ್ಕೆ."

"ಸರಿ ಆಂಟಿ, ಪಕ್ಕದಲ್ಲಿ ಯಾರಾದ್ರೂ ಜೆಂಟ್ಸ್ ಇದ್ರೆ ಫೋನ್ ಕೊಡಿ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ."

ನಾನು ಫೋನ್ ಕೊಡಲಿಲ್ಲ. ಲೈನ್ ಕಟ್ ಆಯಿತೆಂದುಕೊಂಡು ಅವರು ತಮ್ಮ ಪಕ್ಕದವರಿಗೆ, "ಮೈಸೂರಿನ ಸೈಕಲ್ ಆಂಟಿದು ಶುರುವಾಯ್ತಪ್ಪ" ಎಂದರು. ಇಬ್ಬರು ಮೂವರು ನಕ್ಕಿದ್ದೂ ಕೇಳಿಸಿತು. ಇಡೀ ತಂಡ ನನ್ನ ಸುತ್ತ ನಿಂತಿತ್ತು. ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಳು. ಅವಳು ತಲೆ ತಗ್ಗಿಸಿ ತನ್ನ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತಾ ನಿಂತಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಯಲ್ಲಿ ನಿಂತವಳು ನಾನು. ಒಬ್ಬ ಶಿಷ್ಯೆ ನನ್ನ ಮುಖ ನೋಡಲಾಗದೆ ತಲೆ ತಗ್ಗಿಸುವ ಹಾಗೆ ಯಾರೂ ಮಾಡಿರಲಿಲ್ಲ.

ಆಮೇಲೆ ನನ್ನನ್ನೂ ಇನ್ನಿಬ್ಬರು ಹೆಂಗಸರನ್ನೂ ಸೂಟ್‌ಕೇಸುಗಳ ಜೊತೆ ವ್ಯಾನಿಗೆ ಹತ್ತಿಸಿದಿರಿ. ಬ್ರೇಕ್ ಸರಿಯಿದ್ದ ಸೈಕಲ್ಲುಗಳು ಗಂಡಸರ ಪಾಲಾದವು. ವ್ಯಾನು ಫಿನಿಯೆಲ್ ಕಣಿವೆದಾರಿಯ ಡಾಂಬರು ಹಿಡಿದು ಎಲ್ಲೂ ನಿಲ್ಲದೆ ಓಡಿತು. ಮಂಜು ಕವಿದಾಗ ದಾರಿ ತಪ್ಪದಿರಲೆಂದು ಹಿಂದಿನವರು ಆ ಬೆಟ್ಟದ ಹಾದಿಯುದ್ದಕ್ಕೂ ಕಲ್ಲುಕಂಬಗಳನ್ನು ನೆಟ್ಟಿದ್ದಾರೆ. ಹಳ್ಳಿಗಳಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ಬಾರಿಸುವ ಗಂಟೆಗೋಪುರಗಳಿವೆ, ದಾರಿಗಾಣದವರು ಆ ಸದ್ದು ಹಿಡಿದು ಬರಲಿ ಎಂದು. ಸೇಂಟ್ ಜಾನ್ ಪಂಗಡದ ಯೋಧರ ಜಮೀನಿನ ಗಡಿಕಲ್ಲುಗಳ ಮೇಲೆ ಮಾಲ್ಟಾ ಶಿಲುಬೆಯ ಕೆತ್ತನೆ ಇಂದಿಗೂ ಇದೆ. ಒಂದು ಶಿಲುಬೆಯನ್ನಾದರೂ ಕೈಯಿಂದ ಮುಟ್ಟಿ ನೋಡಬೇಕೆಂದು ಎಷ್ಟು ದಿನದಿಂದ ಕಾದಿದ್ದೆ. ಜೂನ್ ತಿಂಗಳು, ಬೆಟ್ಟದ ತುಂಬ ಹಳದಿ ಹೂ ಬಿಟ್ಟಿತ್ತು. ಅದನ್ನೂ ಸೂಟ್‌ಕೇಸುಗಳ ಸಂದಿನಿಂದ ನೋಡಬೇಕಾಯಿತು. ಬೊಂದೊಂ ಬಯಲಿನ ಶಿಲಾಯುಗದ ನಿಲುಗಲ್ಲುಗಳು, ನೂರಕ್ಕೂ ಮೇಲ್ಪಟ್ಟು ಇವೆ, ನಿಮ್ಮ ಪಟ್ಟಿಯಲ್ಲೂ ಇದ್ದವು. ಚಾಲಕನಿಗೆ ಅವೆಲ್ಲಿವೆ ಎಂಬುದೇ ಗೊತ್ತಿರಲಿಲ್ಲ.

ಮರುದಿನ ಪ್ಯಾಡ್ ಬದಲಾಯಿಸುತ್ತೇವೆ ಎಂದಿರಿ. ಬದಲಾಯಿಸಲಿಲ್ಲ. ಕೊನೆಯ ದಿನ ಮಿಯಾಲೆ ಹತ್ತಿರದ ಮಾ ಸೂಬೆರಾಂ ಹಳ್ಳಿಗೆ, ಕಾಮಿಸಾರರ ನಾಯಕ ರೊಲಾಂನ ಮನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವುದಿತ್ತು. ನಂಬಿದ್ದಕ್ಕಾಗಿ ಗ್ಯಾಲಿ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆಗೆ ಗುರಿಯಾದವರ ಹೆಸರುಗಳನ್ನು ಆ ಮನೆಯಲ್ಲಿ ಬರೆದಿಟ್ಟಿದ್ದಾರೆ. ನೀಮ್‌ನಿಂದ ರೈಲು ಹಿಡಿಯಲು ತಡವಾಗುತ್ತದೆಂದು ಅದನ್ನೂ ಬಿಟ್ಟಿರಿ. ನಿಲ್ದಾಣದಲ್ಲಿ ಎರಡು ಗಂಟೆಗೂ ಹೆಚ್ಚು ಸುಮ್ಮನೆ ಕೂತೆವು. ರೈಲಿನ ವೇಳೆಯ ಬಗ್ಗೆ ಇದ್ದ ಆ ಎಚ್ಚರದಲ್ಲಿ ಕಾಲುಭಾಗ ಬ್ರೇಕಿನ ಬಗ್ಗೆ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಕಚೇರಿಗೆ ಬಂದಾಗ ನಿಮ್ಮವರು ಕೊಟ್ಟ ಕಾರಣ, "ಹಿರಿಯರ ಸುರಕ್ಷತೆಗಾಗಿ ಮಾರ್ಗ ಬದಲಾಯಿಸುವ ಹಕ್ಕು ನಮಗಿದೆ" ಎಂದು. ನಿಮ್ಮ ಷರತ್ತುಗಳನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ಮಾರ್ಗ ಬದಲಾವಣೆಗೆ ಹವಾಮಾನ ಅಥವಾ ಸ್ಥಳೀಯ ಆಡಳಿತದ ಆದೇಶ ಕಾರಣವಾಗಿರಬೇಕು. ಸವಾರರ ಎತ್ತರಕ್ಕೆ ಹೊಂದುವ ಸೈಕಲ್ ಒದಗಿಸುವುದು ನಿಮ್ಮ ಹೊಣೆ. ವೈದ್ಯಕೀಯ ಪ್ರಮಾಣಪತ್ರ ಕೇಳಿದಿರಿ, ಕೊಟ್ಟೆ. ಒಪ್ಪಿಕೊಂಡಿರಿ. ಟಿಸಿಎಸ್ ತೆರಿಗೆ ಸಮೇತ ಪೂರ್ತಿ ಹಣ ಮುಂಗಡವಾಗಿ ತೆಗೆದುಕೊಳ್ಳುವಾಗ ನನ್ನ ವಯಸ್ಸು ನಿಮಗೆ ಅಡ್ಡ ಬರಲಿಲ್ಲ. ಬೆಟ್ಟದ ಬುಡದಲ್ಲಿ ಅದು ಹೇಗೆ ನೆನಪಾಯಿತು? ಅರವತ್ತು ದಾಟಿದ ಹೆಂಗಸು ತನ್ನ ಕಾಲಬಲದಿಂದ ಬೆಟ್ಟ ಹತ್ತಲಾರಳು ಎಂದು ತೀರ್ಮಾನಿಸಲು ನೀವು ಯಾರು?

ನಾನು ಕೇಳುವುದು: ಸೈಕಲ್ ಬಾಡಿಗೆಯ ಪೂರ್ತಿ ಹಣ, ತಪ್ಪಿಹೋದ ಸ್ಥಳಗಳಿಗೂ ಮಾರ್ಗಕ್ಕೂ ಸೇರಿ ಪ್ರವಾಸ ಶುಲ್ಕದ ಅರ್ಧ, ಮತ್ತು ಆ ಫೋನ್ ಮಾತಿಗಾಗಿ ನನ್ನ ಹೆಸರಿಗೂ ಆ ಇಬ್ಬರು ಹೆಂಗಸರ ಹೆಸರಿಗೂ ಲಿಖಿತ ಕ್ಷಮಾಪಣೆ. ಕೂಪನ್ ಬೇಡ.

ಪತ್ರ ತಲುಪಿದ 15 ದಿನದೊಳಗೆ ಇದಾಗದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ಹೂಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವೂ ಇಲ್ಲ. ಸೇವಾಲೋಪ ಒಂದೇ ಅಲ್ಲ, ಕೊಡದ ಹಾದಿಯನ್ನು ಕೊಡುತ್ತೇವೆಂದು ಮುದ್ರಿಸಿದ್ದು ದಾರಿ ತಪ್ಪಿಸುವ ಜಾಹೀರಾತು ಎಂದೂ ಸೇರಿಸುತ್ತೇನೆ. ಆ ಇಬ್ಬರು ಬೇರೆ ಬೇರೆಯಾಗಿ ದೂರು ಕೊಡುತ್ತಾರೆ. ಸ್ಪೀಕರಿನಲ್ಲಿ ಮಾತು ಕೇಳಿಸಿಕೊಂಡವರಲ್ಲಿ ಸಾಕ್ಷಿ ಹೇಳಲು ಒಪ್ಪಿದವರಿದ್ದಾರೆ. ನನ್ನ ವಿದ್ಯಾರ್ಥಿನಿ ಈಗ ಮೈಸೂರಿನಲ್ಲಿ ವಕೀಲಿಕೆ ಮಾಡುತ್ತಿದ್ದಾಳೆ, ವಕಾಲತ್ತು ಅವಳದೇ. ಮುಂದಿನ ಜೂನ್ ಪ್ರವಾಸಕ್ಕೆ ನೀವು ಆಗಲೇ ಬುಕಿಂಗ್ ತೆಗೆದುಕೊಳ್ಳುತ್ತಿದ್ದೀರಿ. ಆ ಬ್ರೇಕ್ ಪ್ಯಾಡಿನ ಫೋಟೊ ಮೈಸೂರು, ಬೆಂಗಳೂರಿನ ಸೈಕಲ್ ಕ್ಲಬ್ಬುಗಳಿಗೆ ತಲುಪುವಂತೆ ನೋಡಿಕೊಳ್ಳುತ್ತೇನೆ.

ಇತಿ,
ನಿಮ್ಮ ಗ್ರಾಹಕಿ,
ಮೈಸೂರು

ಲಗತ್ತು: ಬುಕಿಂಗ್ ಫಾರಂ ಮತ್ತು ದೃಢೀಕರಣದ ಪ್ರತಿ, ಹಣ ಪಾವತಿಯ ರಸೀದಿ, ವೈದ್ಯಕೀಯ ಪ್ರಮಾಣಪತ್ರ, ಸೈಕಲ್ ಫ್ರೇಮ್, ಟೈರ್ ಮತ್ತು ಬ್ರೇಕ್ ಪ್ಯಾಡಿನ ಫೋಟೊಗಳು.