ಚುಕ್ಕಿ ಖರ್ಚಿನ ಮಾತು ಆಮೇಲೆ, ಮೊದಲು ಅಪ್ಪನ ಇಂಜೆಕ್ಷನ್

ಬರ್ಲಿನ್
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ, ಸುಮಾ ಮಾಡುವ ನಮಸ್ಕಾರಗಳು. ನಾನು, ಪ್ರಸನ್ನ ಇಬ್ಬರೂ ಇಲ್ಲಿ ಕ್ಷೇಮ. ನಮ್ಮ ನಾಯಿ ಚುಕ್ಕಿಯೂ ಚೆನ್ನಾಗಿದ್ದಾಳೆ. ಅಜ್ಜಿಯನ್ನ, ಚಿಕ್ಕಪ್ಪನ ಮನೆಯವರನ್ನೆಲ್ಲ ಕೇಳಿದೆ ಅಂತ ಹೇಳು.

ನಿನ್ನ ಕಾಗದವನ್ನು ಪವಿ ಫೋಟೋ ತೆಗೆದು ಕಳಿಸಿದಳು. ನಾಲ್ಕು ಪುಟ ಬರೆದಿದ್ದೀಯ. ಕೊಬ್ಬರಿ ರೇಟು, ಬೋರ್‌ವೆಲ್ಲು, ಸಾವಿತ್ರತ್ತೆ ಮನೆ ಗೃಹಪ್ರವೇಶ, ಎಲ್ಲ ಆದಮೇಲೆ ಕೊನೇ ಪುಟದ ಅಂಚಿನಲ್ಲಿ, ಜಾಗ ಸಾಲದೆ ಹಾಳೆ ಅಡ್ಡ ತಿರುಗಿಸಿ ಎರಡು ಸಾಲು. "ನಿಮ್ಮಪ್ಪನಿಗೆ ನಾಯಿಮರಿ ಕಚ್ಚಿತ್ತು. ಎರಡು ಇಂಜೆಕ್ಷನ್ ಆಯ್ತು, ಸಾಕು ಅಂತಾರೆ. ನೀನು ಗಾಬರಿ ಆಗಬೇಡ." ಅಮ್ಮಾ, ಗಾಬರಿ ಆಗದೆ ಹೇಗಿರಲಿ? ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕಿತ್ತು.

ಓದಿದ ತಕ್ಷಣ ಫೋನ್ ಮಾಡಿದೆ. ಅಪ್ಪನೇ ಎತ್ತಿದರು. "ಏನೂ ಇಲ್ಲ ಕಣಮ್ಮ, ಹಾಲುಹಲ್ಲಿನ ಮರಿ, ಗೀರಿದೆ ಅಷ್ಟೆ" ಅಂದರು. ನಾನು ಎರಡು ಮಾತು ಆಡೋಷ್ಟರಲ್ಲಿ "ನೀನು ಮೊದಲು ನಿನ್ನ ನಾಯಿ ಖರ್ಚು ನೋಡ್ಕೋ" ಅಂತ ಇಟ್ಟುಬಿಟ್ಟರು. ಅದಕ್ಕೇ ಬರೆಯುತ್ತಿದ್ದೇನೆ. ಪವಿ, ಇದನ್ನು ಅಪ್ಪ ಊಟಕ್ಕೆ ಕೂತಾಗ ಜೋರಾಗಿ ಓದು. ತಟ್ಟೆ ಮುಂದಿಂದ ಎದ್ದು ಹೋಗಲ್ಲ ಅವರು.

ಅಪ್ಪನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು. ಮಂಜಣ್ಣನ ಮಗ ಇಲ್ಲಿಗೆ ಬಂದು ಹೋದವನು ಊರಲ್ಲಿ ಹೇಳಿದ್ದಾನೆ, ಸುಮಾ ನಾಯಿಗೆ ಟ್ಯಾಕ್ಸ್ ಕಟ್ಟುತ್ತಾಳೆ, ಆಸ್ಪತ್ರೆಗೆ ಒಂದೇ ರಾತ್ರಿಗೆ ಮೂವತ್ತು ಸಾವಿರ ಸುರಿದಳು ಅಂತ. ಅದು ಕೇಳಿದಾಗಿನಿಂದ ಅಪ್ಪ, ಮಗಳಿಗೆ ಅಲ್ಲಿ ಕೈ ಸಾಲುತ್ತಿಲ್ಲ, ನಾವು ಯಾವುದಕ್ಕೂ ಕೇಳಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದಾರೆ. ಹಾಗಾಗಿ ಯಾವುದನ್ನೂ ಮುಚ್ಚಿಡದೆ ಹೇಳುತ್ತೇನೆ. ಒಂದು ಯೂರೋ ಅಂದರೆ ಸುಮಾರು ನೂರು ರೂಪಾಯಿ ಅಂತ ಇಟ್ಟುಕೊಳ್ಳಿ.

ಟ್ಯಾಕ್ಸ್ ಕಟ್ಟೋದು ನಿಜ. ಬರ್ಲಿನ್ನಿನಲ್ಲಿ ಒಂದು ನಾಯಿಗೆ ವರ್ಷಕ್ಕೆ 120 ಯೂರೋ. ಇನ್ನೊಂದು ಸಾಕಿದರೆ ಅದಕ್ಕೆ 180. ಇದು ಇವತ್ತಿನದಲ್ಲ ಅಮ್ಮ. 1810ರಲ್ಲಿ ಪ್ರಷ್ಯಾದ ರಾಜರ ಕಾಲದಲ್ಲೇ ನಾಯಿ ಸಾಕೋದು ಶೋಕಿ ಅಂತ ತೆರಿಗೆ ಹಾಕಿದ್ದರು, ಇವತ್ತಿಗೂ ನಾಯಿ ತೆರಿಗೆ ಇದೆ. ದುಡ್ಡು ಕಟ್ಟಿದ್ದಕ್ಕೆ ಒಂದು ಬಿಲ್ಲೆ ಕೊಡುತ್ತಾರೆ, ಅದು ಚುಕ್ಕಿ ಕತ್ತಿನಲ್ಲಿದೆ. ನಡೆದರೆ ಕಿಣಿಕಿಣಿ ಅನ್ನುತ್ತೆ. ನಮ್ಮ ತಿಪಟೂರಿನ ಬೀದಿನಾಯಿ ಮಗಳು ಜರ್ಮನ್ ಸರ್ಕಾರದ ಲೆಕ್ಕದಲ್ಲಿ ಇದ್ದಾಳೆ ಅಂದರೆ ನನಗಂತೂ ಹೆಮ್ಮೆ.

ಇನ್ಶೂರೆನ್ಸ್ ಕೂಡ ಕಡ್ಡಾಯ. ನಾಯಿ ಯಾರಿಗಾದರೂ ಕಚ್ಚಿದರೆ, ಸೈಕಲ್ಲಿಗೆ ಅಡ್ಡ ಬಂದು ಯಾರಾದರೂ ಬಿದ್ದರೆ, ಆ ಖರ್ಚು ಸಾಕಿದವರದ್ದು. ಕಡಿಮೆ ಅಂದರೂ ಹತ್ತು ಲಕ್ಷ ಯೂರೋವರೆಗೆ ಕವರ್ ಇರಬೇಕು ಅಂತ ಇಲ್ಲಿನ ಕಾನೂನು. ಆದರೆ ನಾವು ಕಟ್ಟೋದು ವರ್ಷಕ್ಕೆ 60 ಯೂರೋ, ಜಾಸ್ತಿ ಏನಿಲ್ಲ. ರೈಲಿನಲ್ಲಿ ದೂರ ಹೋದರೆ ಚುಕ್ಕಿಯಷ್ಟು ದೊಡ್ಡ ನಾಯಿಗೆ ಅರ್ಧ ಟಿಕೆಟ್, ಬಾಯಿಗೆ ಕುಕ್ಕೆ ಹಾಕಬೇಕು, ಎತ್ತಿಗೆ ಹಾಕುತ್ತೀವಲ್ಲ ಹಾಗೆ. ಹೋಟೆಲಿಗೆ ಹೋದರೆ ನಮಗಿಂತ ಮೊದಲು ಅವಳ ಮುಂದೆ ನೀರಿನ ಬಟ್ಟಲು ತಂದಿಡುತ್ತಾರೆ. ಬೀದಿಯಲ್ಲಿ ಒಡೆಯರಿಲ್ಲದ ನಾಯಿ ಒಂದೂ ಕಾಣಲ್ಲ.

ಊಟಕ್ಕೆ ತಿಂಗಳಿಗೆ 50 ಯೂರೋ. ರಾಗಿಮುದ್ದೆ ಹಾಲು ಹಾಕಿ ಸಾಕಬಹುದಲ್ಲ ಅಂತ ನೀನು ಬರೆದಿದ್ದೀಯ. ಹಾಕುತ್ತೇನೆ ಅಮ್ಮ, ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕಿದಾಗೆಲ್ಲ. ಮುದ್ದೆ ಕೋಲು ಇಲ್ಲ, ಮರದ ಸೌಟಿನಲ್ಲೇ ತಿರುವುತ್ತೇನೆ. ಆ ವಾಸನೆಗೆ ಅವಳು ಅಡುಗೆಮನೆ ಬಾಗಿಲು ಬಿಟ್ಟು ಕದಲಲ್ಲ. ಆದರೆ ಇಲ್ಲಿ ರಾಗಿ ಬೆಲೆ ನೋಡಿದರೆ ಅಂಗಡಿ ಆಹಾರವೇ ಅಗ್ಗ.

ನಿಜವಾದ ಖರ್ಚು ಡಾಕ್ಟರದ್ದು. ಪಶುವೈದ್ಯರು ಎಷ್ಟು ಫೀಸು ತಗೋಬೇಕು ಅಂತ ಇಲ್ಲಿ ಸರ್ಕಾರವೇ ಪಟ್ಟಿ ಮಾಡಿದೆ. 2022ರ ನವೆಂಬರಿನಲ್ಲಿ ಅದನ್ನು ಏರಿಸಿದರು. ಪಟ್ಟಿಯಲ್ಲಿರೋದರ ಒಂದರಿಂದ ಮೂರು ಪಟ್ಟು ಹಾಕಬಹುದು, ಹೊತ್ತಲ್ಲದ ಹೊತ್ತಿನಲ್ಲಿ ತುರ್ತು ಅಂತ ಹೋದರೆ ನಾಲ್ಕು ಪಟ್ಟಿನವರೆಗೆ, ಅದರ ಮೇಲೆ 50 ಯೂರೋ ತುರ್ತು ಫೀಸು ಬೇರೆ. ಮಂಜಣ್ಣನ ಮಗ ಹೇಳಿದ್ದು ಆ ರಾತ್ರಿಯ ವಿಷಯ. ಯುಗಾದಿ ದಿನ ಪಾಯಸಕ್ಕೆ ಅಂತ ದ್ರಾಕ್ಷಿ ಗೋಡಂಬಿ ತಟ್ಟೆಯಲ್ಲಿ ತೆಗೆದಿಟ್ಟಿದ್ದೆ. ನಾನು ಏಲಕ್ಕಿ ಕುಟ್ಟಿ ತಿರುಗೋದರೊಳಗೆ ತಟ್ಟೆ ನೆಲದ ಮೇಲೆ. ಗೋಡಂಬಿ ಹಾಗೇ ಇದೆ, ಒಂದು ಹಿಡಿ ದ್ರಾಕ್ಷಿ ಮಾಯ. ದ್ರಾಕ್ಷಿ ನಾಯಿಗಳಿಗೆ ಆಗಿಬರಲ್ಲ, ಕಿಡ್ನಿಯೇ ಹೋಗಿಬಿಡಬಹುದು. ಪ್ರಸನ್ನ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದರು. ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಡಾಕ್ಟರಮ್ಮ ಒಂದು ತಟ್ಟೆಯಲ್ಲಿ ದ್ರಾಕ್ಷಿ ಒಂದೊಂದೇ ಎಣಿಸಿ ತೋರಿಸಿದರು, 31. ಬಿಲ್ಲು 310 ಯೂರೋ. ಕಟ್ಟುವಾಗ ನನ್ನ ಕೈ ನಡುಗಿತು ನಿಜ. ಆದರೆ ಬೆಳಿಗ್ಗೆ ಅವಳು ಎದ್ದು ಬಾಲ ಅಲ್ಲಾಡಿಸಿದಾಗ ಆ ದುಡ್ಡು ನೆನಪಿಗೂ ಬರಲಿಲ್ಲ.

ಎಲ್ಲ ಸೇರಿ ತಿಂಗಳಿಗೆ ನೂರು ಯೂರೋ ಚಿಲ್ಲರೆ ಆಗುತ್ತೆ. ಅದಕ್ಕೇ ಅಂತ ಸಂಬಳ ಬಂದ ದಿನವೇ ಬೇರೆ ಎತ್ತಿಡುತ್ತೇವೆ. ನಾವು ಕಾರು ತಗೊಂಡಿಲ್ಲ, ಬೇಕಾಗಿಯೂ ಇಲ್ಲ. ಮನೆಗೆ ಕಳಿಸೋ ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ ಅಮ್ಮ, ದೇವರಾಣೆ. ಕಷ್ಟ ಅನ್ನಿಸೋದು ಒಂದೇ. ನಾನು ಊರಿಗೆ ಬರಬೇಕು ಅಂದರೆ ಅವಳನ್ನು ಬಿಟ್ಟುಬರೋ ಕಡೆ ದಿನಕ್ಕೆ 30 ಯೂರೋ, ಮೂರು ವಾರಕ್ಕೆ 630. ಹೋದ ವರ್ಷ ಬರದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಆಗ ಹೇಳಲಿಲ್ಲ, ಈಗ ಹೇಳಿದೆ.

ಸರಿ, ಲೆಕ್ಕ ಮುಗಿಯಿತು. ಈಗ ಅಪ್ಪನ ವಿಷಯ.

ಚುಕ್ಕಿಯನ್ನು ಇಲ್ಲಿಗೆ ಕರೆತರೋಕೆ ನಾವು ಪಟ್ಟ ಪಾಡು ನಿಮಗೆಲ್ಲ ಗೊತ್ತಲ್ಲ. ಮೊದಲು ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಗುರುತಿನ ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ. ಲಸಿಕೆ ಹಾಕಿ 30 ದಿನ ಆದಮೇಲೆ ರಕ್ತ ತೆಗೆದು, ಯುರೋಪಿನವರು ಒಪ್ಪಿದ ಲ್ಯಾಬಿಗೇ ಕಳಿಸಬೇಕು. ಅದರಲ್ಲಿ ರೋಗ ತಡೆಯೋ ಶಕ್ತಿಯ ಅಳತೆ 0.5ಕ್ಕೆ ಕಡಿಮೆ ಬರಬಾರದು. ಬಂದಮೇಲೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಪ್ರಸನ್ನ ಮೊದಲು ಹೊರಟರು, ನಾನು ಚುಕ್ಕಿ ಜೊತೆ ನಾಲ್ಕು ತಿಂಗಳು ನಮ್ಮನೆಯಲ್ಲೇ ಇದ್ದೆನಲ್ಲ, ಅದು ಇದಕ್ಕೇ. ಪರೀಕ್ಷೆ, ಪೆಟ್ಟಿಗೆ, ವಿಮಾನದ ಖರ್ಚು ಎಲ್ಲ ಸೇರಿ ಎರಡು ಲಕ್ಷ ದಾಟಿತು. ಆಗಲೂ ಅಪ್ಪ, "ಒಂದು ನಾಯಿಗೆ ಇಷ್ಟೊಂದಾ" ಅಂತ ಕೇಳಿದ್ದರು.

ಯಾಕಿಷ್ಟು ಅಂತ ನನಗೆ ಇಲ್ಲಿಗೆ ಬಂದಮೇಲೆ ಅರ್ಥವಾಯಿತು. ಈ ದೇಶದಲ್ಲಿ 2008ರಿಂದ ನಾಯಿ ನರಿಗಳಲ್ಲಿ ರೇಬಿಸ್ ಅನ್ನೋ ಆ ಹುಚ್ಚು ರೋಗ ಇಲ್ಲ. ತಿಂಡಿಯೊಳಗೆ ಲಸಿಕೆ ಇಟ್ಟು, ಕಾಡಿನಲ್ಲಿ ನರಿಗಳು ತಿನ್ನೋ ಹಾಗೆ ವರ್ಷಗಟ್ಟಲೆ ಹಾಕಿದ್ದಾರೆ. ಕಾಡಿನ ನರಿಗೆ ಅಮ್ಮಾ! ನಮ್ಮಲ್ಲಿ ಆ ರೋಗ ಇನ್ನೂ ಇದೆ. ಅದಕ್ಕೇ ಅಲ್ಲಿಂದ ಬರೋ ನಾಯಿ ಅಂದರೆ ಇವರಿಗೆ ಅಷ್ಟು ಭಯ. ಆ ಭಯ ಸುಮ್ನೆ ಅಲ್ಲ. ರೋಗ ಒಂದು ಸಲ ಕಾಣಿಸಿಕೊಂಡರೆ ಆಮೇಲೆ ಔಷಧಿ ಇಲ್ಲ. ಇರೋದು ಮೊದಲೇ ಹಾಕಿಸಿಕೊಳ್ಳೋ ಇಂಜೆಕ್ಷನ್ ಒಂದೇ.

ಪವಿ ಹತ್ತಿರ ಎಲ್ಲ ಕೇಳಿ ತಿಳಿದುಕೊಂಡೆ. ನಾವು ಹೊರಟಮೇಲೆ ಮನೆ ಬಿಕೋ ಅನ್ನುತ್ತೆ ಅಂತ ಅಪ್ಪ ತೋಟದ ಮೋಟರ್ ಮನೆ ಹಿಂದೆ ಬಿದ್ದಿದ್ದ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದರಂತೆ. ಅದಕ್ಕೂ ಚುಕ್ಕಿ ಅಂತಲೇ ಹೆಸರಿಟ್ಟರಂತೆ. ನಮ್ಮ ಚುಕ್ಕಿ ಅಟ್ಟದ ಏಣಿ ಕೆಳಗೆ ಕೊಬ್ಬರಿ ಚೂರಿಗೆ ಕಾಯುತ್ತಾ ಕೂರುತ್ತಿದ್ದ ಹಾಗೆ ಇದನ್ನೂ ಕೂರಿಸಿಕೊಂಡು ಕೈಯಾರೆ ತಿನ್ನಿಸುತ್ತಿದ್ದರಂತೆ. ಇದನ್ನು ಕೇಳಿ ನಾನು ಎಷ್ಟು ಅತ್ತೆ ಅಂತ ಹೇಳಲಾರೆ.

ಆದರೆ ಅಪ್ಪಾ, ಆ ಮರಿಗೆ ಲಸಿಕೆ ಹಾಕಿಸಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ರಕ್ತ ಬರೋ ಹಾಗೆ ಕಚ್ಚಿದೆ. ನಾಲ್ಕನೇ ದಿನಕ್ಕೆ ಮರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಮನೆಯಲ್ಲೇ ಇದ್ದು ಹತ್ತು ದಿನ ಚೆನ್ನಾಗಿ ಆಡಿಕೊಂಡಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಹಾಲುಹಲ್ಲು, ಚಿಕ್ಕ ಮರಿ ಅನ್ನೋದೆಲ್ಲ ಲೆಕ್ಕಕ್ಕೆ ಬರಲ್ಲ. ಮರಿಗೂ ಆ ರೋಗ ಇರಬಹುದು. ಕಚ್ಚಿದ ವಾರದಲ್ಲೂ ಬರಬಹುದು, ತಿಂಗಳುಗಳಾದ ಮೇಲೂ ಬರಬಹುದು. ಈಗ ಗಾಯ ಮಾಯಿತು ಅಂತ ಬಿಡೋ ಹಾಗಿಲ್ಲ.

ಗಾಯಕ್ಕೆ ಸುಣ್ಣ ಹಚ್ಚಿದಿರಂತೆ. ಇನ್ನು ಮುಂದೆ ಯಾರಿಗೆ ಕಚ್ಚಿದರೂ ಸುಣ್ಣ, ಅರಿಸಿನ, ಖಾರದಪುಡಿ ಏನೂ ಬೇಡ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಮೊದಲ ದಿನವೇ ಗಾಯದ ಸುತ್ತ ಹಾಕೋ ಇಂಜೆಕ್ಷನ್ ಹಾಕಿದ್ದಾರೆ ಅಂತ ಪವಿ ಹೇಳಿದಳು. ಅಷ್ಟಾದರೂ ಆಯಿತಲ್ಲ, ಪುಣ್ಯ.

ಪವಿ ಆಸ್ಪತ್ರೆ ಕಾರ್ಡಿನ ಫೋಟೋ ಕಳಿಸಿದ್ದಾಳೆ. ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದ್ದೇನೆ. ಕಚ್ಚಿದ ದಿನದ್ದಕ್ಕೆ ಸೀಲು ಇದೆ, ಮೂರನೇ ದಿನದ್ದಕ್ಕೆ ಸೀಲು ಇದೆ. ಏಳನೇ ದಿನದ ಸಾಲು ಖಾಲಿ, ಅಲ್ಲಿ ಒಂದು ಅರಿಸಿನದ ಬೆರಳಿನ ಗುರುತು ಮಾತ್ರ ಇದೆ. ನಿನ್ನದೇ ಬೆರಳು ಅಲ್ವಾ ಅಮ್ಮ? ಕಾರ್ಡು ಎತ್ತಿಕೊಂಡು ನೀನು ಅಪ್ಪನಿಗೆ ಎಷ್ಟು ಸಲ ಹೇಳಿರಬೇಕು. ಇವತ್ತಿಗೆ ಐದು ದಿನ ತಡವಾಗಿದೆ. ತಡ ಆಯಿತು, ಇನ್ನು ಹೋಗಿ ಏನು ಅಂತ ಅಂದುಕೊಳ್ಳಬೇಡಿ. ಕಾರ್ಡು ತೋರಿಸಿ, ದಿನ ತಪ್ಪಿದೆ ಅಂತ ಮುಚ್ಚಿಡದೆ ಹೇಳಿ. ಮುಂದೆ ಯಾವಾಗ ಯಾವುದು ಅಂತ ಡಾಕ್ಟರೇ ಹೇಳುತ್ತಾರೆ. 28ನೇ ದಿನದ್ದೂ ಆಗಬೇಕು, ಅದನ್ನೂ ಬಿಡಬೇಡಿ.

ಅಪ್ಪಾ, ಮೊನ್ನೆ ಕೊಬ್ಬರಿ ತಗೊಂಡು ತಿಪಟೂರು ಎಪಿಎಂಸಿಗೆ ಹೋಗಿದ್ದಿರಂತೆ. ಹರಾಜು ಮುಗಿಯೋವರೆಗೂ ಕೂತು ಬಂದಿರಂತೆ. ಅದೇ ಊರಿನಲ್ಲಿ ಆಸ್ಪತ್ರೆ ಇದೆ, ಅಲ್ಲಿ ಇಂಜೆಕ್ಷನ್ನಿಗೆ ದುಡ್ಡೂ ಕೇಳಲ್ಲ. ಅರ್ಧ ಗಂಟೆ ಕೆಲಸ ಬಿಟ್ಟು ಬಂದಿರಿ ಅಂತ ನನಗೆ ಕೋಪ ಬರುತ್ತಿದೆ. ಆಳು ಬರುತ್ತಾರೆ, ಕಾಯಿ ಸುಲಿಸಬೇಕು, ಅಟ್ಟ ಖಾಲಿ ಆಗಬೇಕು, ಎಲ್ಲ ಗೊತ್ತು. ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿ ಇನ್ನೊಂದು ದಿನ ಇರುತ್ತೆ. ನಾಯಿ ದ್ರಾಕ್ಷಿ ತಿಂದದ್ದಕ್ಕೆ ರಾತ್ರೋರಾತ್ರಿ ಓಡಿದವಳು ನಿಮ್ಮ ಮಗಳು. ನಿಮಗೆ ಪುಕ್ಕಟೆ ಇಂಜೆಕ್ಷನ್ ಹಾಕಿಸೋಕೆ ನಾನು ಇಲ್ಲಿಂದ ಬೇಡಿಕೊಳ್ಳಬೇಕಾ?

ಆಟೋ ಬೇಡ, ಪವಿ ಗಾಡಿಯಲ್ಲೇ ಹೋಗಿ. ಖಾಸಗಿ ಡಾಕ್ಟರಿಗೂ ತೋರಿಸೋಣ ಅನ್ನಿಸಿದರೆ ತೋರಿಸಿ, ಈ ತಿಂಗಳು ಐದು ಸಾವಿರ ಜಾಸ್ತಿ ಹಾಕಿದ್ದೇನೆ. ಬೇಡ ಅಂತ ವಾಪಸ್ ಕಳಿಸಬೇಡಿ. ನಮಗೆ ಇಲ್ಲಿ ಏನೂ ತೊಂದರೆ ಇಲ್ಲ. ಇಬ್ಬರಿಗೂ ಕೆಲಸ ಗಟ್ಟಿ ಇದೆ, ಮನೆ ಬೆಚ್ಚಗಿದೆ, ಹೊಟ್ಟೆ ತುಂಬ ಊಟ ಮಾಡುತ್ತೇವೆ, ನಾನು ಎರಡು ಕೆಜಿ ದಪ್ಪ ಆಗಿದ್ದೇನೆ. ನನ್ನ ಬಗ್ಗೆ ಒಂದು ಚೂರೂ ಯೋಚನೆ ಬೇಡ.

ಮರಿ ವಾಪಸ್ ಬಂದರೆ ಯಾರೂ ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಅಪ್ಪನಿಗೆ ನಾಯಿ ಬೇಕೇ ಬೇಕು ಅಂದರೆ ಮೂರು ತಿಂಗಳು ತುಂಬಿದ್ದು ತಂದು ಮೊದಲು ಲಸಿಕೆ ಹಾಕಿಸೋಣ, ಬೇರೆ ಹೆಸರು ಇಡೋಣ. ಹೆಸರು ನಾನು ಹೇಳುತ್ತೇನೆ.

ಚುಕ್ಕಿ ಬೆಲ್ಟು ಕಚ್ಚಿಕೊಂಡು ಬಂದು ಬಾಗಿಲ ಹತ್ತಿರ ನಿಂತಿದ್ದಾಳೆ, ಹೊರಗೆ ಕರೆದುಕೊಂಡು ಹೋಗಬೇಕು. ಪ್ರಸನ್ನ ಎಲ್ಲರಿಗೂ ನಮಸ್ಕಾರ ಹೇಳಿದ್ದಾರೆ. ಅಜ್ಜಿಗೆ ಮಂಡಿಗೆ ಹಚ್ಚೋ ಎಣ್ಣೆ ಕಳಿಸುತ್ತೇನೆ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಪವಿ, ನಾಳೆ ಸೋಮವಾರ, ಆಸ್ಪತ್ರೆ ತೆಗೆದಿರುತ್ತೆ. ಬೆಳಿಗ್ಗೆ ತಿಂಡಿ ಆದ ತಕ್ಷಣ ಅಪ್ಪನನ್ನು ಗಾಡಿ ಹತ್ತಿಸು. ಮೂರನೇ ಸೀಲು ಬಿದ್ದ ಕಾರ್ಡಿನ ಫೋಟೋ ಕಳಿಸು. ನಿಮಗೆ ಹತ್ತು ಗಂಟೆ ಆದಾಗ ಇಲ್ಲಿ ಇನ್ನೂ ಬೆಳಕು ಹರಿದಿರಲ್ಲ, ಪರವಾಗಿಲ್ಲ, ಎದ್ದೇ ಇರುತ್ತೇನೆ.

ನಿಮ್ಮ ಮಗಳು
ಸುಮಾ