ಐರಿಶ್ ನೂಲಿನ ನೆಂಟ ನಮ್ಮ ಸ್ನಾಯು

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಓದುಗರೊಬ್ಬರು, ಐರಿಶ್ ಭಾಷೆಯಲ್ಲಿ ದಾರದ ಎಳೆಗೆ ಹೇಳುವ ‘ಸ್ನಾಹ’ ನಮ್ಮ ‘ನೂಲು’ ಪದದಿಂದಲೇ ಹುಟ್ಟಿದ್ದು ಎಂದು ಬರೆದಿದ್ದಾರೆ. ಕನ್ನಡದ ಅಭಿಮಾನ ನನಗೂ ಇದೆ. ಆದರೆ ಒಂದು ನಕಾರವನ್ನು ಹಿಡಿದು ನೆಂಟಸ್ತಿಕೆ ಕೂಡಿಸಿದರೆ ಹೇಗೆ? ನೂಲು ದ್ರಾವಿಡ ಪದ. ತಮಿಳಿನಲ್ಲೂ ಮಲಯಾಳದಲ್ಲೂ ಅದು ‘ನೂಲ್’. ಐರಿಶ್, ಸಂಸ್ಕೃತ, ಇಂಗ್ಲಿಷ್ ಬೇರೆಯೇ ಆದ ಒಂದು ಭಾಷಾಕುಟುಂಬದವು, ಇಂಡೋ-ಯುರೋಪಿಯನ್. ಹಾಗಾಗಿ ಐರಿಶ್ ಮಾತಿನ ದಾಯಾದಿ ಬೇಕಿದ್ದರೆ ಸಂಸ್ಕೃತದ ‘ಸ್ನಾಯು’ವನ್ನು ನೋಡಬೇಕು.

ಐರಿಶಿನಲ್ಲಿ ‘ಸ್ನಾ’ ಎಂದರೆ ನೂಲು, ‘ಸ್ನಾಹ’ ಅದರ ಒಂದು ಎಳೆ, ‘ಸ್ನಾಹೀನ್’ ನಾರು, ‘ಸ್ನಾಹದ್’ ಸೂಜಿ. ಬರಹದಲ್ಲಿ ‘ಥ’ಕಾರ ಉಳಿದಿದೆ, ಬಾಯಲ್ಲಿ ಹಾರಿಹೋಗಿದೆ. ನಮ್ಮ ಮಕ್ಕಳ ಏರೋಪ್ಲೇನ್ ಚಿಟ್ಟೆ ಅಲ್ಲಿ ‘ದೊಡ್ಡ ಸೂಜಿ’! ಇವೆಲ್ಲದರ ಬೇರಿನ ಅರ್ಥ ನೂಲುವುದು, ಹೊಲಿಯುವುದು. ಇಂಗ್ಲಿಷಿನ ‘ನೀಡಲ್’ ಕೂಡ ಇದೇ ಬಳಗದ್ದು, ಮೊದಲಿನ ಸಕಾರ ಕಳಚಿದೆ ಅಷ್ಟೆ.

ಹೊಲಿಗೆಗೂ ಸ್ನಾಯುವಿಗೂ ಏನು ಸಂಬಂಧ? ಬಲೆ ಎಳೆದು ತೋಳು ನೋಯಿಸಿಕೊಂಡು ನನ್ನಲ್ಲಿಗೆ ಬರುವವರು ‘ನರ ಹಿಡ್ಕಂಡದೆ’ ಎನ್ನುತ್ತಾರೆ, ಓದಿದವರು ‘ಸ್ನಾಯು ಸೆಳೆತ’ ಎನ್ನುತ್ತಾರೆ. ಪಠ್ಯಪುಸ್ತಕದ ಕೃಪೆಯಿಂದ ಈಗ ಸ್ನಾಯು ಎಂದರೆ ಮಾಂಸಖಂಡ. ಆಯುರ್ವೇದದ ಪ್ರಾಚೀನ ಶಸ್ತ್ರವೈದ್ಯ ಸುಶ್ರುತನಲ್ಲಿ ಹಾಗಲ್ಲ. ಮಾಂಸದ ಪೇಶಿಗಳು 500, ಅವು ಬೇರೆ. ಸಂದುಗಳನ್ನು ಬಿಗಿದು ಕಟ್ಟುವ ಸ್ನಾಯುಗಳು 900. ಗಾಯ ಹೊಲಿಯಲು ಸೆಣಬಿನ ದಾರ, ಕೂದಲುಗಳ ಜೊತೆ ಪ್ರಾಣಿಯ ಸ್ನಾಯುವನ್ನೂ ಅವನು ಹೇಳುತ್ತಾನೆ. ಅಂದರೆ ಸ್ನಾಯು ಆಗ ದಾರವೇ ಆಗಿತ್ತು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ಹೇಗೆ ನೀರಿನ ಮೇಲೆ ಭಾರ ಹೊರುತ್ತದೋ ಹಾಗೆ ಸ್ನಾಯುಗಳಿಂದ ಬಿಗಿದ ದೇಹ ಭಾರ ತಾಳುತ್ತದೆ ಎಂಬುದು ಅವನದೇ ಹೋಲಿಕೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಗೆಯ ಅಂಚಿನುದ್ದಕ್ಕೂ ತೂತು ಕೊರೆದು, ಮೊಳೆಯಿಲ್ಲದೆ ಕತ್ತದ ಹುರಿಯಿಂದಲೇ ಹೊಲಿದ ದೋಣಿಗಳು ಇಲ್ಲಿದ್ದವು.

ಹಾಗೆ ದೋಣಿ ಹೊಲಿದ ಹಿರಿಯರು ಕಾರವಾರ, ಅಂಕೋಲೆ ಕಡೆ ಇನ್ನೂ ಇದ್ದರೆ, ಆ ಹುರಿಗೆ, ಹೊಲಿಗೆಗೆ, ತೂತು ಮುಚ್ಚುವ ಕೆಲಸಕ್ಕೆ ಅವರು ಬಳಸುವ ಮಾತುಗಳನ್ನು ಕೇಳಿ ಬರೆದು ಪುರವಣಿಯಲ್ಲಿ ಹಾಕಿ. ನೂಲು ಐರ್ಲೆಂಡಿಗೆ ಹೋಯಿತೇ ಎಂಬ ಚರ್ಚೆಗಿಂತ ಅದನ್ನು ಓದಲು ನನಗೆ ಆಸೆ.

— ಒಬ್ಬ ಆಯುರ್ವೇದ ವೈದ್ಯ, ಅಂಕೋಲಾ